ಹೆಸರಿನ ಮರ: ಮಾರ್ಗರೆಟ್ ಪೆಗ್ಗಿಯಾದ ದಾರಿ

ಇಂಗ್ಲಿಷರ ಮುದ್ದು ಹೆಸರುಗಳ ವಂಶವೃಕ್ಷ ಬರೆಯುತ್ತಿದ್ದೇನೆ. ಈ ವಾರ ಮಾರ್ಗರೆಟ್ ಕೊಂಬೆ ಮುಗಿಯಿತು. ಡ್ರಾಯಿಂಗ್ ಹಾಳೆಯ ಎಡಭಾಗ ಪೂರ್ತಿ ಅವಳದೇ.

ಬುಡದಲ್ಲಿರೋದು ಗ್ರೀಕ್‌ನ 'ಮಾರ್ಗರೀಟೇಸ್', ಅಂದರೆ ಮುತ್ತು. ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಸ್ಕಾಟ್ಲೆಂಡಿನ ರಾಣಿ ಮಾರ್ಗರೆಟ್ 1093ರಲ್ಲಿ ತೀರಿಕೊಂಡಳು. 1250ರಲ್ಲಿ ಅವಳಿಗೆ ಸಂತ ಪದವಿ ಸಿಕ್ಕಿತು. ಆ ಕಾಲದಲ್ಲಿ ಚಾಲ್ತಿಯಲ್ಲಿದ್ದ ಹೆಸರುಗಳೇ ಕಡಿಮೆ. ಊರಲ್ಲಿ ನಾಲ್ಕಾರು ಮಾರ್ಗರೆಟ್ ಇದ್ದರೆ ಯಾರನ್ನು ಹೇಗೆ ಕರೆಯೋದು? ಹಾಗಾಗಿ ಮ್ಯಾಗ್, ಮೆಗ್, ಮ್ಯಾಜ್.

ಇಲ್ಲಿವರೆಗೆ ಸಲೀಸು. ಆದರೆ ಪೆಗ್ಗಿಗೂ ಮಾರ್ಗರೆಟ್‌ಗೂ ಮೇಲ್ನೋಟಕ್ಕೆ ಸಂಬಂಧವೇ ಕಾಣಲ್ಲ, ಅಲ್ವಾ? ನಡುವೆ ಮೆಗ್ ಕೂರಿಸಿ ನೋಡಿ: ಮಾರ್ಗರೆಟ್, ಮೆಗ್, ಪೆಗ್, ಪೆಗ್ಗಿ. ಮುದ್ದು ಹೆಸರಿನ ಮೊದಲ ಅಕ್ಷರ ಬದಲಿಸಿ ಪ್ರಾಸ ಕಟ್ಟೋದು ಅಲ್ಲಿನವರ ಹಳೇ ರೂಢಿ. ಮೇರಿ 'ಮಾಲಿ' ಆಗಿ, ಆಮೇಲೆ 'ಪಾಲಿ' ಆದದ್ದೂ ಹೀಗೇ. ನಮ್ಮ ವರ್ಣಮಾಲೆಯಲ್ಲಿ ನೋಡಿದರೆ ಪ, ಮ ಎರಡೂ ಒಂದೇ ಸಾಲಿನವು. ಒಂದು ಮೊದಲನೆಯದು, ಇನ್ನೊಂದು ಕೊನೆಯದು. ಎರಡಕ್ಕೂ ತುಟಿ ಮುಚ್ಚಲೇಬೇಕು.

ಆದರೆ ತುಟಿ ಒಂದೇ ಕಾರಣವಲ್ಲ. ರಾಬರ್ಟ್ ಕೊಂಬೆ ನೋಡಿ. ರಾಬ್, ಹಾಬ್, ಡಾಬ್, ಬಾಬ್. ಇಲ್ಲಿ ಮೊದಲ ಅಕ್ಷರ ಎಲ್ಲೆಲ್ಲಿಗೋ ಜಿಗಿದಿದೆ, ಉಳಿದಿರೋದು ಪ್ರಾಸ ಮಾತ್ರ. ಹಾಬ್ಸನ್, ಡಾಬ್ಸನ್ ಎಂಬ ಮನೆತನದ ಹೆಸರುಗಳು ಹುಟ್ಟಿದ್ದೂ ಇವುಗಳಿಂದಲೇ. ಹಾಬ್ ಅಂತ ಇಂದು ಯಾರೂ ಮಗನನ್ನು ಕರೆಯಲಿಕ್ಕಿಲ್ಲ, ಮನೆತನದ ಹೆಸರಲ್ಲಿ ಅವನಿನ್ನೂ ಇದ್ದಾನೆ. ಈ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಡೋದು ಇಂಥವೇ.

ಮಾರ್ಗರೆಟ್‌ನ ಇನ್ನೊಂದು ಟಿಸಿಲು ಡೇಸಿ. ಇದರಲ್ಲಿ ಪ್ರಾಸದ ಮಾತೇ ಇಲ್ಲ. ಫ್ರೆಂಚ್‌ನಲ್ಲಿ 'ಮಾರ್ಗರೀಟ್' ಅಂದರೆ ಡೇಸಿ ಹೂವೂ ಹೌದು. ಅದಕ್ಕೇ ಇಂಗ್ಲಿಷ್ ಮನೆಗಳಲ್ಲಿ ಮಾರ್ಗರೆಟ್‌ಗಳನ್ನು ಡೇಸಿ ಅಂತ ಕರೆದರು. ಇದಕ್ಕೆ ಹಸಿರು ಶಾಯಿಯ ಗೆರೆ, ಪ್ರಾಸದವಕ್ಕೆ ಕೆಂಪು.

ಪೆಗ್ಗಿ ಪಕ್ಕದಲ್ಲಿ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಹೆಸರು ಬರೆದಿದ್ದೇನೆ. 1907ರಲ್ಲಿ ಹುಟ್ಟಿದಾಗ ಅವರಿಗಿಟ್ಟ ಹೆಸರು ಈಡಿತ್ ಮಾರ್ಗರೆಟ್ ಎಮಿಲಿ.

ಮುಂದಿನ ಕೊಂಬೆ ಎಡ್ವರ್ಡ್. ಅವನು ನೆಡ್ ಆದದ್ದು ಪ್ರಾಸದಿಂದಲ್ಲ. ಹಿಂದೆ ಸ್ವರದ ಮುಂದೆ 'ಮೈ' (ನನ್ನ) ಬದಲು 'ಮೈನ್' ಅನ್ನುತ್ತಿದ್ದರು. 'ಮೈನ್ ಎಡ್' ಅನ್ನೋದು ಬಾಯಲ್ಲಿ 'ಮೈ ನೆಡ್' ಆಗಿ ಒಡೆಯಿತು. ಎಲೆನ್‌ನ ನೆಲ್, ಆನ್‌ನ ನ್ಯಾನ್ ಕೂಡ ಇದೇ ದಾರಿಯವು. ಇವಕ್ಕೆ ನೀಲಿ ಶಾಯಿ ತರಬೇಕು.