ಭದ್ರೆಯ ಹಳ್ಳಗಳಲ್ಲಿ ಮರಿಮೀನು ಹುಡುಕುತ್ತಾ

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಎರಚಿದವರಿಗೆಲ್ಲ ಮಹಶೀರ್ ಗೊತ್ತು. ದೇವರ ಮೀನೆಂದು ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ಅದೇ ಜಾತಿಯ ಬೆರಳುದ್ದದ ಮರಿಯನ್ನು ಕಂಡವರು ಮಾತ್ರ ಕಡಿಮೆ. ಹೊಳೆಯಲ್ಲಿ ನಾಳೆ ಮೀನು ಇರುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಆ ಮರಿಗಳೇ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಅವುಗಳ ಲೆಕ್ಕ ಇಡುವ ಪುಟ್ಟ ತಂಡವೊಂದರ ಜೊತೆ ಕಳಸದ ಕಡೆಯ ಹಳ್ಳಗಳಿಗೆ ಹೋದೆ.

ಚಿಕ್ಕಮಗಳೂರಿನಿಂದ ಆಲ್ದೂರು, ಬಾಳೆಹೊನ್ನೂರು ದಾಟಿ ಕಳಸದ ದಾರಿ. ತಿರುವು ತಿರುವಿಗೂ ಕಾಫಿ ತೋಟ, ನಡುನಡುವೆ ಭದ್ರೆ. ತುಂಗೆಯೂ ಭದ್ರೆಯೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಗಣಿಯ ಕೆಮ್ಮಣ್ಣು ಈ ಹೊಳೆಗೆ ಇಳಿಯುತ್ತಿದ್ದ ಕಾಲವಿತ್ತು. 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಜಲ್ಲಿಕಲ್ಲಿನ ಸಂದಿಗೆ ಹೂಳು ಕೂತರೆ ಅಲ್ಲಿಟ್ಟ ಮೊಟ್ಟೆಗೆ ಉಸಿರಿಲ್ಲ. ಈ ಮಾತು ತಲೆಗೆ ಹೊಕ್ಕ ಮೇಲೆ, ಮಳೆಗಾಲದಲ್ಲಿ ಮುಳುಗುವುದಕ್ಕೇ ಹೆಸರಾದ ಹೆಬ್ಬಾಳೆ ಸೇತುವೆಯ ಬಳಿಯೂ ನಾನು ಬಗ್ಗಿ ನೋಡಿದ್ದು ತಳದ ಕಲ್ಲುಗಳನ್ನೇ.

ಮರುದಿನ ಬೆಳಿಗ್ಗೆ ತೋಟವೊಂದರ ಒಳದಾರಿಯಲ್ಲಿ ನಡಿಗೆ. ಉಂಬಳ ಇನ್ನೂ ಹೋಗಿರಲಿಲ್ಲ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಉಜ್ಜಿಕೊಂಡೆವು. ದಾರಿ ತೋರಿಸಲು ಬಂದ ಅಜ್ಜ ಹಳ್ಳದ ತಿರುವಿನಲ್ಲಿ ನಿಂತರು. "ಮೊದಲ ಮಳೆ ಹೊಡೆದ ರಾತ್ರಿ ಇಲ್ಲೇ ಕತ್ತಿ, ಟಾರ್ಚು ಹಿಡ್ಕೊಂಡು ಕಾಯ್ತಿದ್ವಿ ಮಾರಾಯ್ರೆ, ಹತ್ತುಮೀನಿಗೆ. ಗದ್ದೆವರೆಗೂ ಏರಿ ಬರ್ತಿದ್ವು. ಈಗ ಕೆಳಗೆ ಕಟ್ಟ ಕಟ್ಟಿದಾರೆ, ಹತ್ತೋದೆಲ್ಲಿಂದ?"

ಮಳೆ ಹಿಡಿದಾಗ ಮೇಲಕ್ಕೆ ಹತ್ತುವ ಮೀನಿನ ಹೊಟ್ಟೆಯಲ್ಲಿರುವುದು ಮೊಟ್ಟೆ. ಮಹಶೀರ್ ಕೂಡ ಓಡುವ ನೀರಿನ ಜಲ್ಲಿ ಹಾಸನ್ನು ಹುಡುಕಿಕೊಂಡೇ ಮೊಟ್ಟೆ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ ಹೊರಬಂದು, ಮೊದಲಿಗೆ ಕಲ್ಲಿನ ಸಂದಿಯಲ್ಲಿ ತಲೆ ತೂರಿಸಿ ಬಾಲವಷ್ಟೇ ಅಲ್ಲಾಡಿಸುತ್ತಾ ಇರುತ್ತದೆ. ಬಲಿತ ಮೇಲೆ ದಡದ ಮೊಣಕಾಲುದ್ದದ ನೀರಿಗೆ ಬರುತ್ತದೆ. ನಮ್ಮ ಹುಡುಕಾಟವೂ ಅಲ್ಲೇ.

ತಂಡದ ಇಬ್ಬರು ಸಣ್ಣ ಕಣ್ಣಿನ ಎಳೆಬಲೆ ಹಿಡಿದು ದಡಕ್ಕೆ ಸರಿದರು. ಮೊದಲ ಎಳೆತಕ್ಕೆ ಸೀಗಡಿ, ಏಡಿ, ಕಲ್ಲಿಗೆ ಬಾಯಿ ಅಂಟಿಸಿ ಬದುಕುವ ಗಾರ್ರಾ ಮೀನುಗಳು ಬಂದವು. ಮೇಲಿನ ಸಣ್ಣ ಗುಂಡಿಯಲ್ಲಿ ಮಹಶೀರ್ ಮರಿ ಸಿಕ್ಕಿತು. ಲವಂಗದ ಎಣ್ಣೆಯ ಹನಿ ಬೆರೆಸಿದ ಬಕೆಟ್ಟಿನಲ್ಲಿ ಅದಕ್ಕೆ ಮಂಪರು ಹತ್ತಿದ ಮೇಲೆ, ಒದ್ದೆ ಮಾಡಿಕೊಂಡ ಅಂಗೈಯಲ್ಲಿ ಎತ್ತಿ ಅಳತೆಪಟ್ಟಿಯ ಮೇಲಿಟ್ಟರು. ಬಾಯಿಯ ಇಕ್ಕೆಲದಲ್ಲಿ ನೂಲೆಳೆಯಂಥ ಮೀಸೆ. ಮೈಗೆ ಹೋಲಿಸಿದರೆ ಬಹಳ ದೊಡ್ಡದೆನಿಸುವ ಹುರುಪೆ, ಒಂದೊಂದನ್ನೂ ಬಿಡಿಯಾಗಿ ಎಣಿಸಬಹುದು. ಬಾಲದ ಬುಡದಲ್ಲಿ ಮಸಿಯ ಬೊಟ್ಟು. ದೊಡ್ಡದಾದಂತೆ ಅದು ಮಾಸುತ್ತದೆ. ಉದ್ದ, ತೂಕ ಬರೆದುಕೊಂಡು, ಬಾಲದ ರೆಕ್ಕೆಯ ತುದಿಯಿಂದ ಒಂದು ಚೂರು ಕತ್ತರಿಸಿ ಆಲ್ಕೋಹಾಲ್ ಸೀಸೆಗೆ ಹಾಕಿದರು. ತಿಳಿನೀರಿನ ಬಕೆಟ್ಟಿನಲ್ಲಿ ಅದು ಚುರುಕಾಗುವವರೆಗೆ ಕಾದು, ಹಿಡಿದ ಗುಂಡಿಗೇ ಬಿಟ್ಟರು.

ಆ ಚೂರು ಡಿಎನ್‌ಎ ಪರೀಕ್ಷೆಗೆ. ಮರಿ ಈ ಹೊಳೆಯದೋ, ಮೀನುಮರಿ ಕೇಂದ್ರದಲ್ಲಿ ಬೆಳೆಸಿ ತಂದು ಬಿಟ್ಟ ಮೀನಿನ ಸಂತಾನವೋ ತಿಳಿಯಬೇಕಲ್ಲ. ಹಾಸನ ಜಿಲ್ಲೆಯ ರಾಮನಾಥಪುರವನ್ನು ಹಾದುಹೋಗುವ ಕಾವೇರಿಯ ಕಥೆ ಕಣ್ಣೆದುರೇ ಇದೆ. ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಆ ನದಿಗೆ ಬಿಟ್ಟರು. ಅವು ಹಬ್ಬಿದವು, ಕಾವೇರಿಯದೇ ಆದ ಡುಬ್ಬದ ಮಹಶೀರ್ ಕ್ಷೀಣಿಸಿತು. ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದ ಪಟ್ಟಿಯನ್ನೂ ಸೇರಿತು. ಮರಿ ತಂದು ಸುರಿದರೆ ನದಿ ಉಳಿಯಿತು ಎನ್ನುವವರು ಇದನ್ನು ತಿಳಿದಿರಬೇಕು.

ಮಧ್ಯಾಹ್ನ ಬಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಸಾಲ್ಮನ್ ಮಾತು ಬಂತು. ಅಮೆರಿಕದ ಕೊಲಂಬಿಯಾ ನದಿಯಲ್ಲಿ ಸಮುದ್ರದತ್ತ ಇಳಿಯುವ ಸಾಲ್ಮನ್ ಮರಿಗಳನ್ನು ಹಿಡಿದು, ಅಕ್ಕಿಕಾಳಿನಷ್ಟು ಚಿಕ್ಕ ಟ್ಯಾಗ್ ಮೈಯೊಳಗೆ ಸೇರಿಸಿ ಬಿಡುತ್ತಾರೆ. ವರ್ಷಗಳ ನಂತರ ಹುಟ್ಟಿದ ಹೊಳೆಗೆ ಮರಳುವಾಗ ಮೀನು ಹತ್ತಿ ದಾಟಲೆಂದು ಅಣೆಕಟ್ಟಿಗೆ ಕಟ್ಟಿದ ಮೀನುಮೆಟ್ಟಿಲಲ್ಲಿರುವ ಯಂತ್ರ ಆ ಟ್ಯಾಗನ್ನು ಓದುತ್ತದೆ. ನಮ್ಮ ಮಹಶೀರ್ ಸಮುದ್ರಕ್ಕೆ ಹೋಗುವುದಿಲ್ಲ, ಅದರ ಸಂಚಾರವೆಲ್ಲ ಹೊಳೆ ಹಳ್ಳಗಳ ನಡುವೆಯೇ. ಹಾಗಾಗಿ ದಾರಿಯಲ್ಲಿ ಒಂದು ಕಿಂಡಿ ಅಣೆಕಟ್ಟು ಬಂದರೂ ಅದಕ್ಕೆ ದೊಡ್ಡ ಅಡ್ಡಿ. ನಮ್ಮಲ್ಲೂ ಮೀನುಮೆಟ್ಟಿಲು ಬೇಕೆಂದು ಕೇಳುವ ಕಾಲ ಬಂದಿದೆ.

ಸಂಜೆ ತೋಟದ ಲೆಕ್ಕ ನೋಡಿಕೊಳ್ಳುವ ರೈಟರು ಕಾಫಿ ಕೊಟ್ಟರು. ಅರೇಬಿಕಾ ಹಣ್ಣಾಗತೊಡಗಿತ್ತು, ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ತೊಳೆದು ಅಣಿ ಮಾಡಿದ್ದರು. ಕಾಫಿಹಣ್ಣಿನ ಸಿಪ್ಪೆ ಬಿಡಿಸಿ ಲೋಳೆ ತೊಳೆದ ನೀರು ಹಳ್ಳ ಸೇರಿದರೆ ನೀರಿನ ಆಮ್ಲಜನಕ ಕುಸಿಯುತ್ತದೆ, ಮರಿಗಳಿಗೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ತಂಡದ ಹಿರಿಯರು ಅಂದಿನ ಆಮ್ಲಜನಕದ ಅಳತೆಯನ್ನು ತೋರಿಸಿ ಇದನ್ನೇ ವಿವರಿಸಿದರು.

ರೈಟರು ಅಳತೆ ಬರೆದಿದ್ದ ಪುಸ್ತಕವನ್ನು ಹತ್ತಿರ ಎಳೆದುಕೊಂಡು ಓದಿದರು. "ಪಲ್ಪರ್ ನೀರಿಗೆ ಹೋದ ವರ್ಷ ತೆಗೆಸಿದ ಗುಂಡಿ ಸಾಲಲ್ಲ ಸಾರ್. ಧಣಿಗಳಿಗೆ ಹೇಳಿ ಇನ್ನೊಂದು ತೆಗೆಸ್ತೀನಿ. ಪಲ್ಪಿಂಗ್ ಶುರುವಾದ ಮೇಲೆ ನೀವು ಇನ್ನೊಂದ್ಸಲ ಬಂದು ಇದೇ ಜಾಗದಲ್ಲಿ ಅಳೀಬೇಕು." ಡಿಸೆಂಬರಿನಲ್ಲಿ ಬರುತ್ತೇವೆಂದು ಹೇಳಿ ಹೊರಟೆವು.