ಕಾಚಂಪುಳಿ ಪರೀಕ್ಷೆಯಲ್ಲಿ ಪಾಸಾದ ಕಲ್ಲು

ಕೊಡಗಿನ ನಾಪೋಕ್ಲು ಹತ್ತಿರದ ನಮ್ಮ ಮನೆಯ ಕೆಂಪು ಆಕ್ಸೈಡ್ ನೆಲ ಅಲ್ಲಲ್ಲಿ ಬಾಯಿಬಿಟ್ಟಿತ್ತು. ಜುಲೈ ಬಂದರೆ ಬಿರುಕಿನಿಂದ ಥಂಡಿ ಏಳುತ್ತಿತ್ತು. "ಟೈಲ್ಸ್ ಬೇಡ ಅಮ್ಮ, ಪರಿಸರಕ್ಕೆ ಒಳ್ಳೆಯ ಕಲ್ಲು ಹಾಕಿಸು" ಎಂದು ಬೆಂಗಳೂರಿನಿಂದ ಮಗಳ ಅಪ್ಪಣೆ.

ಹೇಳೋದು ಸುಲಭ. ಟೈಲ್ಸನ್ನು ಸಾವಿರ ಡಿಗ್ರಿ ದಾಟಿದ ಗೂಡಿನಲ್ಲಿ ಸುಡಬೇಕು, ಕಲ್ಲನ್ನು ಸುಡಬೇಕಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಕಣ್ಣು ಸೆಳೆದ ಹಸಿರು ಕೋಟಾ ಕಲ್ಲು ಲಾರಿಯಲ್ಲಿ ರಾಜಸ್ಥಾನದಿಂದ ಬರಬೇಕು. ಇಟಲಿ ಮಾರ್ಬಲ್ ಅಂತೂ ಹಡಗನ್ನೇ ಹತ್ತಬೇಕು! ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ 700 ಕಿ.ಮೀ. ದೂರದ್ದೇ. ಆದರೆ ಅದು ಪದರ ಪದರವಾಗಿ ಏಳುವ ಕಲ್ಲು, ಗರಗಸದ ಕೆಲಸ ಕಡಿಮೆ. ದೇವನಹಳ್ಳಿ ಪಕ್ಕದ ಸಾದರಹಳ್ಳಿ ಗ್ರಾನೈಟ್ ಇನ್ನೂ ಹತ್ತಿರ.

ಮಾರ್ಬಲ್ ಬಿಟ್ಟು, ಕಡಪ ಕಲ್ಲನ್ನೂ ಸೇರಿಸಿ ನಾಲ್ಕರದ್ದೂ ಒಂದೊಂದು ತುಂಡು ತಂದೆ. ರಾತ್ರಿ ಒಂದೊಂದರ ಮೇಲೂ ಒಂದು ಹನಿ ಕಾಚಂಪುಳಿ, ಅಂದರೆ ನಮ್ಮ ಅಡುಗೆಯ ಕಪ್ಪು ಹುಳಿರಸ, ಬಿಟ್ಟೆ. "ಪಂದಿಕರಿಗೆ ಹಾಕೋದನ್ನ ಕಲ್ಲಿಗೆ ಹಾಕ್ತೀಯಲ್ಲ" ಎಂದು ಅತ್ತೆ ಗೊಣಗಿದರು. ಬೆಳಿಗ್ಗೆ ನೋಡಿದರೆ ಕೋಟಾ, ಶಹಾಬಾದ್, ಕಡಪ ಮೂರರ ಮೇಲೂ ಮಂಕು ಕಲೆ. ಕಪ್ಪು ಕಡಪದ ಮೇಲಂತೂ ಬೂದಿ ಚೆಲ್ಲಿದ ಹಾಗೆ. ಮೂರೂ ಸುಣ್ಣಕಲ್ಲಿನ ಜಾತಿ. ಹುಳಿ ಬಿದ್ದರೆ ಮೇಲ್ಮೈ ಕರಗುತ್ತದೆ, ಆ ಕಲೆ ಉಜ್ಜಿದರೆ ಹೋಗಲ್ಲ. ಗ್ರಾನೈಟಿಗೆ ಏನೂ ಆಗಿರಲಿಲ್ಲ.

ಹಾಗಾಗಿ ಅಡುಗೆಮನೆಗೆ ಸಾದರಹಳ್ಳಿ, ಹುಳಿ ಬೀಳದ ನಡುಮನೆಗೆ ಶಹಾಬಾದ್.

ಜಗಲಿಗೆ ಹೊಸ ಕಲ್ಲು ಕೊಳ್ಳಲೇ ಇಲ್ಲ. ಹಳೇ ದನದ ಕೊಟ್ಟಿಗೆ ಕೆಡವಿದಾಗ ಎಸೆದಿದ್ದ ಚಪ್ಪಡಿಗಳು ಕಾಫಿ ಗಿಡಗಳ ಕೆಳಗೆ ಪಾಚಿ ಹಿಡಿದು ಬಿದ್ದಿದ್ದವು. ಮೇಸ್ತ್ರಿ ನಕ್ಕರು: "ಇದನ್ನ ಎತ್ತೋ ಕೂಲಿಯಲ್ಲಿ ಹೊಸದೇ ಬರ್ತದೆ ಅಕ್ಕ." ಲೆಕ್ಕ ಹಾಕಿದರೆ ಅವರು ಹೇಳಿದ್ದು ಹೆಚ್ಚುಕಮ್ಮಿ ಸರಿಯೇ. ಆದರೂ ಎತ್ತಿಸಿದೆ. ಹಾರೆ ಹಿಡಿದು ನಾಲ್ಕು ಜನ, ಎರಡು ದಿನ. ಒಂದರ ಕೆಳಗೆ ಹಾವಿನ ಪೊರೆ ಸಿಕ್ಕಿತು. ಒಟ್ಟು 38 ಚಪ್ಪಡಿ. ಕ್ವಾರಿ ಇಲ್ಲ, ಲಾರಿ ಇಲ್ಲ. ಮಗಳ ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗೋದು ಈ ಕಲ್ಲಿಗೇ ಅಲ್ವಾ?

ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಹಿತ್ತಲ ಮೆಟ್ಟಿಲಿಗೂ ಉಳಿದ ಗ್ರಾನೈಟ್ ಹಾಕಿಸಿ, ಚೆಂದ ಕಾಣಲಿ ಅಂತ ಸುಮ್ನೆ ಪಾಲಿಶ್ ಮಾಡಿಸಿದೆ. ಆಗಸ್ಟ್ ಮಳೆಯಲ್ಲಿ ಕೊಡಪಾನದ ಸಮೇತ ಜಾರಿ ಕೂತೆ. ಆಮೇಲೆ ಮೇಸ್ತ್ರಿ ಬಂದು ಉಳಿಯಿಂದ ಕುಟ್ಟಿ ಕುಟ್ಟಿ ಒರಟು ಮಾಡಿದರು. ಮಳೆ ಬೀಳುವ ಕಡೆ ಹೊಳಪು ಬೇಡ. ಗ್ಯಾಸ್ ಬೆಂಕಿ ತಾಗಿಸಿ ಒರಟು ಮಾಡಿದ ಗ್ರಾನೈಟೇ ಅಂಗಡಿಯಲ್ಲಿ ಸಿಗುತ್ತದೆ, ಫ್ಲೇಮ್ ಫಿನಿಶ್ ಅಂತ ಕೇಳಿ.

ಜಗಲಿಯ ತುದಿಗೆ ಬರುವಾಗ ಎರಡು ಚಪ್ಪಡಿ ಕಡಿಮೆ ಬಿತ್ತು. ಆ ಮೂಲೆಯನ್ನು ಅಗೆಯದೆ ಹಳೇ ಕೆಂಪು ನೆಲವನ್ನೇ ಬಿಟ್ಟಿದ್ದೇವೆ. ಅತ್ತೆಯ ಕುರ್ಚಿ ಈಗ ಅಲ್ಲಿಗೇ ಹೋಗಿದೆ. ಕಲ್ಲು ಕಾಲಿಗೆ ತಣ್ಣಗಾಗುತ್ತದಂತೆ.