ಒಂದೇ ಇನ್ನಿಂಗ್ಸ್ ಆಡೋನಿಗೆ ಇಷ್ಟು ಭಕ್ತಿಯಾ?

ಮನೆಗೆ ಬಂದವರು ಗೋಡೆ ಮೇಲಿನ 42ನೇ ನಂಬರಿನ ಜೆರ್ಸಿ ನೋಡಿ ಯಾರದು ಅಂತ ಕೇಳುತ್ತಾರೆ. ಮಾರಿಯಾನೊ ರಿವೆರಾ, ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡ ಯಾಂಕೀಸ್‌ನ ರಿಲೀಫ್ ಪಿಚರ್, ಅಂದರೆ ಆಟದ ಕೊನೆಗೆ ಬಂದು ಚೆಂಡೆಸೆದು ಗೆಲುವನ್ನು ಕಾಯುತ್ತಿದ್ದವನು ಅನ್ನುತ್ತೇನೆ. ತಕ್ಷಣ ಬರುತ್ತದೆ: "ಒಂಬತ್ತರಲ್ಲಿ ಒಂದೇ ಇನ್ನಿಂಗ್ಸ್ ಆಡೋನಿಗೆ ಇಷ್ಟು ಭಕ್ತಿಯಾ?"

ಹೌದು, ಇಷ್ಟು. ಹೇಳಿ ಹೇಳಿ ಗಂಟಲು ಒಣಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಯುಗಾದಿ ಊಟಕ್ಕೆ ಕೂತಿದ್ದಾಗ ಭಾವ, "ಓ, ಡೆತ್ ಓವರ್ ಬೌಲರ್! ನಮ್ಮ ಬುಮ್ರಾ ಥರ" ಅಂದರು. ಸುಮ್ನೆ ಹೂಂ ಅನ್ನಬಹುದಿತ್ತು. ಆಗಲಿಲ್ಲ. ಬುಮ್ರಾ ಒಂದು ಓವರ್ ಮುಗಿಸಿದರೆ ಮುಂದಿನದು ಇನ್ನೊಬ್ಬರದು. ಅಷ್ಟರಲ್ಲಿ ಉಸಿರು ಬಿಡಬಹುದು. ಇಲ್ಲಿ ಮೂರು ಔಟ್ ಆಗುವ ತನಕ ಒಬ್ಬನೇ. ಕೋಚ್ ಬದಲಿಸಿದರೆ ಆ ದಿನ ಮತ್ತೆ ಆಟಕ್ಕೆ ಇಳಿಯುವಂತಿಲ್ಲ.

ಅವನು ಪನಾಮಾದ ಮೀನುಗಾರರ ಊರಿನವನು, ಅಪ್ಪನ ದೋಣಿಯಲ್ಲಿ ದುಡಿದವನು. ಕೈಯಲ್ಲಿದ್ದದ್ದು ಹೆಚ್ಚುಕಮ್ಮಿ ಒಂದೇ ಎಸೆತ, ಕಟರ್. ನೇರ ಬರುವಂತೆ ಕಂಡು, ಕೊನೇ ಗಳಿಗೆಯಲ್ಲಿ ಎಡಗೈ ಬ್ಯಾಟರ್‌ನ ಹಿಡಿಕೆ ಕಡೆ ಹೊರಳುತ್ತಿತ್ತು. ಬರೋದು ಅದೇ ಅಂತ ಎಲ್ಲರಿಗೂ ಗೊತ್ತು. ಆದರೂ ಬ್ಯಾಟ್ ಮುರಿಯುತ್ತಿತ್ತು. 2013ರಲ್ಲಿ ಅವನು ನಿವೃತ್ತನಾಗುವಾಗ ಮಿನೆಸೊಟಾ ತಂಡದವರು ಮುರಿದ ಬ್ಯಾಟುಗಳಿಂದಲೇ ತೂಗುಕುರ್ಚಿ ಮಾಡಿ ಕೊಟ್ಟರು! 19 ಸೀಸನ್, 652 ಸೇವ್, ಅಂದರೆ ಅಷ್ಟು ಸಲ ಕೊನೆಗೆ ಬಂದು ತಂಡದ ಗೆಲುವು ಉಳಿಸಿದ. ಪೋಸ್ಟ್‌ಸೀಸನ್‌ನ, ಅಂದರೆ ಸೀಸನ್ ಮುಗಿದ ಮೇಲೆ ಪ್ರಶಸ್ತಿಗಾಗಿ ನಡೆಯುವ ಪಂದ್ಯಗಳ, 141 ಇನ್ನಿಂಗ್ಸ್‌ನಲ್ಲಿ ಫೀಲ್ಡಿಂಗ್ ತಪ್ಪಿನಿಂದ ಬಂದವನ್ನು ಬಿಟ್ಟರೆ ಅವನ ಲೆಕ್ಕಕ್ಕೆ ಬಂದ ರನ್ 11. ಚಂದ್ರನ ಮೇಲೆ ನಡೆದವರೇ ಅದಕ್ಕಿಂತ ಹೆಚ್ಚು, 12 ಜನ, ಭಾವ. 2019ರಲ್ಲಿ ಬೇಸ್‌ಬಾಲ್ ದಿಗ್ಗಜರನ್ನು ಆರಿಸುವ ಹಾಲ್ ಆಫ್ ಫೇಮ್ ಮತದಾನದಲ್ಲಿ 425ಕ್ಕೆ 425. ಅದಕ್ಕೂ ಮುಂಚೆ ಯಾರಿಗೂ ಹಾಗೆ ಪೂರ್ತಿ ಮತ ಬಿದ್ದಿರಲಿಲ್ಲ.

ಆದರೆ ನಿಜ ಹೇಳಲಾ? ಈ ಅಂಕಿ ಒಪ್ಪಿಸುವುದು ನನಗೂ ಬೇಜಾರು. ಅವನು ಸೋತ ರಾತ್ರಿ ಬಗ್ಗೆ ಯಾರಾದರೂ ಕೇಳಬಾರದಾ?

2001ರ ನವೆಂಬರ್ 4, ಅರಿಜೋನಾ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಏಳನೇ, ಕೊನೇ ಪಂದ್ಯ. ಯಾಂಕೀಸ್ 2-1ರಿಂದ ಮುಂದೆ. ಎಂಟನೇ ಇನ್ನಿಂಗ್ಸ್‌ನಲ್ಲಿ ಮೂವರನ್ನು ಸ್ಟ್ರೈಕ್‌ಔಟ್ ಮಾಡಿದ್ದ ರಿವೆರಾ, ಒಂಬತ್ತರಲ್ಲಿ ಒಂದು ಬಂಟ್ (ಬ್ಯಾಟ್ ಮೆತ್ತಗೆ ತಾಗಿಸಿ ಹತ್ತಿರವೇ ಬೀಳಿಸಿದ ಚೆಂಡು) ಎತ್ತಿಕೊಂಡು ಎರಡನೇ ಬೇಸ್‌ಗೆ ತಪ್ಪಾಗಿ ಎಸೆದ. ಸ್ಕೋರು ಸಮವಾಯಿತು. ಕೊನೆಗೆ ಲೂಯಿಸ್ ಗೊನ್ಸಾಲೆಸ್ ಹೊಡೆದದ್ದು ಜೋರೇನೂ ಅಲ್ಲ, ಹತ್ತಿರ ಬಂದು ನಿಂತಿದ್ದ ಫೀಲ್ಡರುಗಳ ತಲೆ ಮೇಲಿಂದ ಮೆತ್ತಗೆ ಬಿತ್ತು. ಸೀರೀಸ್ ಮುಗಿಯಿತು.

ತಂಡದಲ್ಲಿ ಎನ್ರಿಕೆ ವಿಲ್ಸನ್ ಅಂತ ಒಬ್ಬನಿದ್ದ. ಗೆದ್ದಿದ್ದರೆ ಮೆರವಣಿಗೆಗೆ ಉಳಿದು, ನವೆಂಬರ್ 12ಕ್ಕೆ ಡೊಮಿನಿಕನ್ ರಿಪಬ್ಲಿಕ್‌ಗೆ ಹೊರಡುವವನು. ಸೋತದ್ದಕ್ಕೆ ಮುಂಚೆಯೇ ಹೋದ. ಆ 12ರ ವಿಮಾನ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಬಿತ್ತು, ಒಳಗಿದ್ದ ಒಬ್ಬರೂ ಉಳಿಯಲಿಲ್ಲ. ಸೋತದ್ದೇ ಒಳ್ಳೇದಾಯ್ತು, ಗೆಳೆಯ ಉಳಿದ ಅಂತ ರಿವೆರಾ ಆಮೇಲೆ ಹೇಳಿದ.

ಇದನ್ನೂ ಭಾವನಿಗೆ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಎಲೆಗೆ ಹೋಳಿಗೆ ಬಿತ್ತು.